ಸೆಮಿ-ಆಟೊ ರೈಫಲ್ ಕೈಕೊಟ್ಟಾಗ: ಭಾಗ ಬದಲಿಸುವ ಮೊದಲು ಖಾಲಿ ಕೇಸ್ ಹೆಕ್ಕಿ

ಟ್ರಿಗರ್ ಒತ್ತಿದಾಗೆಲ್ಲ ಒಂದು ಗುಂಡು ಹೊಡೆದು ಮುಂದಿನದನ್ನು ತಾನೇ ತುಂಬಿಕೊಳ್ಳುವುದು ಸೆಮಿ-ಆಟೊ ರೈಫಲ್. ವರ್ಷಗಟ್ಟಲೆ ತಕರಾರಿಲ್ಲದೆ ನಡೆದ ಇಂಥ ರೈಫಲ್ ಒಂದು ದಿನ ಮೂರನೇ ಗುಂಡಿಗೇ ನಿಂತುಬಿಡುತ್ತದೆ. ಬೋಲ್ಟ್ (ತೋಟಾವನ್ನು ಒಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಭಾಗ) ಎಳೆದು ಬಿಟ್ಟರೆ ಮತ್ತೆ ನಾಲ್ಕು ಗುಂಡು, ಮತ್ತೆ ನಿಲ್ಲುತ್ತದೆ. ಇಂಥ ಹೊತ್ತಲ್ಲಿ ಹೆಚ್ಚಿನವರು ಹೊಸ ಸ್ಪ್ರಿಂಗ್, ಹೊಸ ಬಫರ್ (ಬೋಲ್ಟಿನ ಹಿಂದೋಟ ತಡೆಯುವ ತೂಕ), ಹೊಸ ಎಕ್ಸ್‌ಟ್ರಾಕ್ಟರ್ (ಖಾಲಿ ಕೇಸನ್ನು ಎಳೆದು ತೆಗೆಯುವ ಕೊಕ್ಕೆ) ಎಲ್ಲ ತರಿಸಿ ಒಂದೇ ಸಲ ಹಾಕಿಬಿಡುತ್ತಾರೆ. ದೋಷ ಹೋಗಬಹುದು. ಆದರೆ ಯಾವುದರಿಂದ ಹೋಯಿತು ಅಂತ ಗೊತ್ತಾಗುವುದಿಲ್ಲ. ಎರಡು ತಿಂಗಳಿಗೆ ಅದೇ ತಕರಾರು ವಾಪಸ್ ಬಂದರೆ ಮತ್ತೆ ಮೊದಲಿಂದ ಶುರು.

ಮಿಲಿಟರಿ ಮಾದರಿ ಅಂದರೆ ಸವೆಯುವುದೇ ಇಲ್ಲ ಅನ್ನುವ ನಂಬಿಕೆಯೊಂದಿದೆ. ಹಾಗೇನಿಲ್ಲ. ಸವೆದ ಭಾಗವನ್ನು ಬೇಗ ಬಿಚ್ಚಿ ಬೇರೆ ಹಾಕಬಹುದು, ಅಷ್ಟೇ. ಸೈನ್ಯದಲ್ಲಿ ಆರ್ಮರರ್ (ಆಯುಧ ರಿಪೇರಿಯವನು) ಗೇಜ್ ಹಿಡಿದು ಆಗಾಗ ಅಳೆಯುತ್ತಾನೆ, ಮಿತಿ ದಾಟಿದ್ದನ್ನು ತೆಗೆದುಹಾಕುತ್ತಾನೆ. ಆ ರೈಫಲ್‌ಗಳ ಬಾಳಿಕೆಯ ಹೆಸರಿನಲ್ಲಿ ಅರ್ಧ ಪಾಲು ಆ ಮನುಷ್ಯನದು.

ದೋಷ ಕಾಣುವ ಜಾಗ ಒಂದು, ಹುಟ್ಟುವ ಜಾಗ ಇನ್ನೊಂದು. ಇದಕ್ಕೆ ಅಮೆರಿಕದ ಸೈನ್ಯದ ಎಂ16 ರೈಫಲ್ ಕಥೆಗಿಂತ ದೊಡ್ಡ ಉದಾಹರಣೆ ಬೇಡ. 1960ರ ದಶಕದ ಮಧ್ಯದಲ್ಲಿ ವಿಯೆಟ್ನಾಂನಲ್ಲಿ ಆ ರೈಫಲ್‌ಗಳ ಚೇಂಬರಿನಲ್ಲಿ (ಬ್ಯಾರಲ್ ಬುಡದಲ್ಲಿ ತೋಟಾ ಕೂರುವ ಕುಳಿ) ಖಾಲಿ ಕೇಸ್ ಸಿಕ್ಕಿಕೊಳ್ಳತೊಡಗಿತು. ನೋಡಿದವರಿಗೆ ಎಕ್ಸ್‌ಟ್ರಾಕ್ಟರ್ ಸರಿ ಇಲ್ಲ ಅನ್ನಿಸುವಂಥ ದೋಷ. ಅಸಲಿಗೆ ಮದ್ದಿನ ಬಗೆ ಬದಲಾಗಿತ್ತು, ಚೇಂಬರಿಗೆ ಕ್ರೋಮ್ ಲೇಪ ಇರಲಿಲ್ಲ, ಸೈನಿಕರಿಗೆ ಸ್ವಚ್ಛ ಮಾಡುವ ಸಾಮಾನೂ ಸರಿಯಾಗಿ ಸಿಕ್ಕಿರಲಿಲ್ಲ. 1967ರಲ್ಲಿ ಅಮೆರಿಕದ ಕಾಂಗ್ರೆಸ್ಸಿನ ಉಪಸಮಿತಿ ಇದನ್ನೆಲ್ಲ ವಿಚಾರಣೆ ಮಾಡಿತು. ಆಮೇಲೆ ಚೇಂಬರಿಗೆ ಕ್ರೋಮ್ ಬಂತು.

ಕೈ ಹಾಕುವ ಮೊದಲು

ಮೊದಲು ಮ್ಯಾಗಜಿನ್ ತೆಗೆಯಿರಿ. ಆಮೇಲೆ ಬೋಲ್ಟ್ ಎಳೆದು ಚೇಂಬರ್ ನೋಡಿ. ಕಣ್ಣಲ್ಲಿ ಒಂದು ಸಲ, ಬೆರಳಲ್ಲಿ ಇನ್ನೊಂದು ಸಲ. ಈ ಕ್ರಮ ತಿರುಗುಮುರುಗಾದರೆ ಬೋಲ್ಟ್ ಮುಂದೆ ಹೋಗುವಾಗ ಇನ್ನೊಂದು ಗುಂಡನ್ನು ತಳ್ಳಿಕೊಂಡು ಹೋಗುತ್ತದೆ. ಕೆಲಸದ ಮೇಜಿನ ಮೇಲೆ ಜೀವಂತ ತೋಟಾ ಒಂದೂ ಇರಬಾರದು. ಪರೀಕ್ಷೆಗೆ ಡಮ್ಮಿ ಸಾಕು. ಸ್ಪ್ರಿಂಗ್ ಬಿಚ್ಚುವಾಗ ಕನ್ನಡಕ ಇರಲಿ.

ಹೊಡೆಯುವಾಗ ಸದ್ದು ಪುಸ್ ಅಂತ ಬಂದರೆ, ಒದೆತ ಕಮ್ಮಿ ಅನ್ನಿಸಿದರೆ ಅಲ್ಲೇ ನಿಲ್ಲಿಸಿ. ಗುಂಡು ಬ್ಯಾರಲ್ ಒಳಗೇ ಉಳಿದಿರಬಹುದು. ಅದರ ಹಿಂದೆ ಇನ್ನೊಂದು ಹೊಡೆದರೆ ಬ್ಯಾರಲ್ ಸೀಳುತ್ತದೆ. ರೈಫಲ್ ಖಾಲಿ ಮಾಡಿ, ಬೋಲ್ಟ್ ತೆಗೆದು, ಬ್ಯಾರಲ್ ಆಚೆಯಿಂದ ಬೆಳಕು ಕಾಣುತ್ತದೋ ನೋಡಿ.

ಮೊದಲ ಅನುಮಾನ ಮ್ಯಾಗಜಿನ್ ಮೇಲೆ

ಇದನ್ನು ಬೇಗ ಮುಗಿಸೋಣ, ಯಾಕಂದರೆ ಪರೀಕ್ಷೆ ಸುಲಭ. ಪ್ರತಿ ಮ್ಯಾಗಜಿನ್ ಮೇಲೂ ಒಂದು ನಂಬರ್ ಬರೆಯಿರಿ. ತಕರಾರು ಬಂದಾಗೆಲ್ಲ ನಂಬರ್ ಬರೆದಿಟ್ಟುಕೊಳ್ಳಿ. ಎಲ್ಲ ತಕರಾರೂ 3ನೇ ನಂಬರಿಗೇ ಬಂದರೆ ರೈಫಲ್ ಬಿಚ್ಚುವ ಅಗತ್ಯವೇ ಇಲ್ಲ.

ತೋಟಾ ಹಿಡಿದಿಡುವ ಮೇಲಿನ ತುಟಿಗಳು ಅಗಲವಾಗಿರುತ್ತವೆ, ಇಲ್ಲ ಬಿರುಕು ಬಿಟ್ಟಿರುತ್ತವೆ. ತುಟಿ ಅಗಲವಾದರೆ ಒಂದರ ಬದಲು ಎರಡು ತೋಟಾ ಒಟ್ಟಿಗೆ ಮೇಲೆ ಏಳುತ್ತವೆ. ಒಳಗಿನ ಸ್ಪ್ರಿಂಗ್ ಸೋತಿದ್ದರೆ ಕೊನೆಯ ನಾಲ್ಕೈದು ಗುಂಡಿನಲ್ಲಿ ತಕರಾರು ಜಾಸ್ತಿ. ತುಂಬಿಟ್ಟರೆ ಸ್ಪ್ರಿಂಗ್ ಹಾಳಾಗುತ್ತದೆ ಅಂತ ಹೆದರುವವರು ಬಹಳ. ಸ್ಪ್ರಿಂಗನ್ನು ಸೋಲಿಸುವುದು ಮುಖ್ಯವಾಗಿ ಮತ್ತೆ ಮತ್ತೆ ಒತ್ತಿ ಬಿಡುವ ಕೆಲಸ. ಸುಮ್ನೆ ಒತ್ತಿಕೊಂಡು ಕೂತಿದ್ದರೆ ಒಳ್ಳೆಯ ಸ್ಪ್ರಿಂಗಿಗೆ ಹೆಚ್ಚೇನೂ ಆಗುವುದಿಲ್ಲ. ಬಗ್ಗಿದ ತುಟಿಯನ್ನು ಇಕ್ಕಳದಲ್ಲಿ ಸರಿ ಮಾಡಲು ಹೋಗಬೇಡಿ. ಮ್ಯಾಗಜಿನ್ ಬಿಸಾಡುವ ವಸ್ತು.

ಕೇಸ್ ಏನು ಹೇಳುತ್ತದೆ

ಹೊಡೆದ ಮೇಲೆ ಹೊರಬೀಳುವ ಹಿತ್ತಾಳೆ ಕೇಸೇ ರೈಫಲಿನ ಡೈರಿ. ಹತ್ತು ಕೇಸ್ ಹೆಕ್ಕಿ ಬೆಳಕಿಗೆ ಹಿಡಿದರೆ ಅರ್ಧ ಕೆಲಸ ಮುಗಿಯಿತು.

ಬುಡದ ಅಂಚು ಹರಿದಿದೆಯಾ? ಎಕ್ಸ್‌ಟ್ರಾಕ್ಟರಿನ ಹಿಡಿತ ಚೆನ್ನಾಗಿಯೇ ಇದೆ, ಕೇಸ್ ಬರಲು ಒಪ್ಪಲಿಲ್ಲ ಅಂತ ಅರ್ಥ. ಚೇಂಬರ್ ಕೊಳೆಯಾಗಿರಬೇಕು, ಒರಟಾಗಿರಬೇಕು, ಇಲ್ಲವೇ ಬೋಲ್ಟ್ ತೀರಾ ಬೇಗ ಎಳೆಯುತ್ತಿರಬೇಕು. ಅಂಚಿಗೆ ಗೀರು ಮಾತ್ರ ಬಿದ್ದು ಕೇಸ್ ಒಳಗೇ ಉಳಿದಿದ್ದರೆ ಕೊಕ್ಕೆ ಜಾರಿದೆ. ಆಗ ಎಕ್ಸ್‌ಟ್ರಾಕ್ಟರನ್ನು ಅನುಮಾನಿಸಿ. ಈ ಎರಡರ ವ್ಯತ್ಯಾಸ ಗಮನಿಸದೆ ಎಕ್ಸ್‌ಟ್ರಾಕ್ಟರ್ ಬದಲಿಸುವವರೇ ಜಾಸ್ತಿ.

ಬುಡದಿಂದ ಸ್ವಲ್ಪ ಮೇಲೆ, ಕೇಸಿನ ಸುತ್ತ ಹೊಳೆಯುವ ಬಳೆಯಂಥ ಗೆರೆ ಕಂಡರೆ ಅದು ಗಂಭೀರ. ಕೇಸ್ ಅಲ್ಲಿ ಹಿಗ್ಗಿ ತೆಳುವಾಗಿದೆ. ಸಣ್ಣ ತಂತಿಯ ತುದಿ ಬಗ್ಗಿಸಿ ಕೇಸಿನ ಒಳಗೆ ಬಿಟ್ಟು ಗೋಡೆಗೆ ಒತ್ತಿ ಎಳೆಯಿರಿ. ಆ ಜಾಗದಲ್ಲಿ ತಗ್ಗು ತಾಗಿದರೆ ಕೇಸ್ ಎರಡು ತುಂಡಾಗಲು ಸಿದ್ಧವಾಗಿದೆ. ಹೆಡ್‌ಸ್ಪೇಸ್ (ಏನೆಂದು ಮುಂದೆ ಹೇಳುತ್ತೇನೆ) ಅಳೆಯುವ ತನಕ ಆ ರೈಫಲ್ ಹೊಡೆಯಬೇಡಿ. ಒಂದೇ ಕೇಸನ್ನು ಹಲವು ಸಲ ತುಂಬಿ ಬಳಸಿದ್ದರೂ ಹೀಗಾಗಬಹುದು, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಪ್ರೈಮರ್ (ಕೇಸಿನ ಬುಡದಲ್ಲಿ ಕಿಡಿ ಹುಟ್ಟಿಸುವ ಸಣ್ಣ ಬಟ್ಟಲು) ತೂತಾಗಿದ್ದರೆ ಅದನ್ನು ಚುಚ್ಚುವ ಫೈರಿಂಗ್ ಪಿನ್ನಿನ ತುದಿ ನೋಡಿ. ಬಿಸಿ ಗ್ಯಾಸ್ ಅದನ್ನು ಕೊರೆದು ಗುಳಿ ಮಾಡಿರುತ್ತದೆ. ಚೂಪಾದ ಅಂಚು ಉಳಿದರೆ ಮುಂದಿನ ಪ್ರೈಮರಿಗೂ ತೂತು. ಪ್ರೈಮರ್ ಪೂರ್ತಿ ಕಳಚಿ ಬಿದ್ದಿದ್ದರೆ ಅದು ಟ್ರಿಗರ್ ಸಂದಿಯಲ್ಲಿ ಕೂತಿರುವ ಸಾಧ್ಯತೆ ಇದೆ. ಟ್ರಿಗರ್ ಕೆಟ್ಟಿದೆ ಅಂದುಕೊಂಡು ಬಿಚ್ಚಿದರೆ ಒಳಗಿನಿಂದ ಒಂದು ಪ್ರೈಮರ್ ಉದುರುವುದು ಹೊಸದೇನಲ್ಲ.

ಇನ್ನೊಂದು ಮಾತು. ಎಆರ್ ಮಾದರಿಯಲ್ಲಿ (ಎಂ16 ಮತ್ತು ಅದರ ಸೆಮಿ-ಆಟೊ ರೂಪ ಎಆರ್-15) ಚೇಂಬರಿಗೆ ಹೋಗಿ ಹೊಡೆಯದೆ ವಾಪಸ್ ಬಂದ ತೋಟಾದ ಪ್ರೈಮರ್ ಮೇಲೆ ಸಣ್ಣ ಚುಕ್ಕೆ ಇರುತ್ತದೆ. ಅಲ್ಲಿ ಫೈರಿಂಗ್ ಪಿನ್‌ಗೆ ಹಿಡಿದಿಡುವ ಸ್ಪ್ರಿಂಗ್ ಇಲ್ಲ, ಬೋಲ್ಟ್ ಮುಚ್ಚುವಾಗ ತಾನೇ ಮುಂದೆ ಹೋಗಿ ತಾಗುತ್ತದೆ. ಇದು ದೋಷವಲ್ಲ. ಹಾಗಂತ ಅದೇ ತೋಟಾವನ್ನು ಪದೇ ಪದೇ ಒಳಗೆ ಹಾಕಿ ತೆಗೆಯುವುದು ಒಳ್ಳೆಯದಲ್ಲ.

ಗ್ಯಾಸ್ ಕಮ್ಮಿಯೋ ಜಾಸ್ತಿಯೋ

ಎಆರ್-15 ಕುಟುಂಬದಲ್ಲಿ ಹೆಚ್ಚಿನ ಗೊಂದಲ ಇಲ್ಲಿದೆ. ಗುಂಡು ಹಾರಿದಾಗ ಬ್ಯಾರಲ್ಲಿನ ಗ್ಯಾಸಿನ ಒಂದು ಪಾಲು ಸಣ್ಣ ತೂತಿನಿಂದ ಹಿಂದೆ ಬಂದು ಬೋಲ್ಟನ್ನು ಹಿಂದಕ್ಕೆ ಓಡಿಸುತ್ತದೆ. ಗ್ಯಾಸ್ ಕಮ್ಮಿಯಾದರೂ ಬೋಲ್ಟ್ ಮುಂದಿನ ತೋಟಾವನ್ನು ಬಿಟ್ಟು ಹೋಗುತ್ತದೆ, ಜಾಸ್ತಿಯಾದರೂ ಬಿಟ್ಟು ಹೋಗುತ್ತದೆ. ಕಮ್ಮಿಯಾದಾಗ ಬೋಲ್ಟ್ ಅಷ್ಟು ಹಿಂದೆ ಹೋಗಿರುವುದೇ ಇಲ್ಲ. ಜಾಸ್ತಿಯಾದಾಗ ಎಷ್ಟು ವೇಗವಾಗಿ ವಾಪಸ್ ಬರುತ್ತದೆ ಅಂದರೆ, ಮ್ಯಾಗಜಿನ್ ತೋಟಾವನ್ನು ಮೇಲೆತ್ತುವಷ್ಟು ಹೊತ್ತು ಸಿಗುವುದಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಪರಿಹಾರ ಮಾತ್ರ ತದ್ವಿರುದ್ಧ.

ಬೇರ್ಪಡಿಸಲು ಎರಡು ಉಪಾಯ. ಒಂದು, ಖಾಲಿ ಕೇಸ್ ಯಾವ ಕಡೆ ಹಾರುತ್ತದೆ ನೋಡುವುದು. ಬ್ಯಾರಲ್ ತುದಿಯನ್ನು ಗಡಿಯಾರದ 12 ಅಂದುಕೊಳ್ಳಿ. 3ರಿಂದ 4ರ ನಡುವೆ ಬಿದ್ದರೆ ಆರೋಗ್ಯ. 1, 2ರ ಕಡೆ ಮುಂದೆ ಹಾರಿದರೆ ಬೋಲ್ಟ್ ಜೋರಾಗಿ ಓಡುತ್ತಿದೆ. 5ರ ಕಡೆ ಸೋತು ಬಿದ್ದರೆ ಗ್ಯಾಸ್ ಸಾಲುತ್ತಿಲ್ಲ. ಕೇಸನ್ನು ಹೊರಗೆ ಚಿಮ್ಮಿಸುವ ಎಜೆಕ್ಟರಿನ ಸ್ಪ್ರಿಂಗ್ ಕೂಡ ಈ ದಿಕ್ಕನ್ನು ಸ್ವಲ್ಪ ತಿರುಗಿಸುತ್ತದೆ, ಹಾಗಾಗಿ ಇದೊಂದನ್ನೇ ನಂಬಿ ತೀರ್ಪು ಕೊಡಬೇಡಿ.

ಎರಡನೆಯದು ಒಂಟಿ ಗುಂಡಿನ ಪರೀಕ್ಷೆ. ಮ್ಯಾಗಜಿನ್‌ಗೆ ಒಂದೇ ಗುಂಡು ಹಾಕಿ ಹೊಡೆಯಿರಿ. ಮ್ಯಾಗಜಿನ್ ಖಾಲಿಯಾದಾಗ ಬೋಲ್ಟ್ ಹಿಂದೆಯೇ ನಿಲ್ಲಬೇಕು, ನಿಂತರೆ ಗ್ಯಾಸ್ ಸಾಕಷ್ಟಿದೆ. ನಿಲ್ಲದಿದ್ದರೆ ಬೇರೆ ಮ್ಯಾಗಜಿನ್ ಹಾಕಿ ನೋಡಿ. ಅಲ್ಲೂ ನಿಲ್ಲದಿದ್ದರೆ ಗ್ಯಾಸ್ ದಾರಿ ಹುಡುಕುವ ಹೊತ್ತು ಬಂದಿದೆ. ಈ ಪರೀಕ್ಷೆಯನ್ನು ಐದು ಸಲವಾದರೂ ಮಾಡಿ, ಒಂದು ಸಲದ್ದು ಲೆಕ್ಕಕ್ಕಿಲ್ಲ.

ಗ್ಯಾಸ್ ಕಮ್ಮಿ ಅಂತ ಖಚಿತವಾದರೆ ಮೊದಲು ಎಣ್ಣೆ ಹಾಕಿ. ನಿಜ, ಇಷ್ಟೇ ಕಾರಣ ಬಹಳ ಸಲ. ಒಣಗಿದ ಎಆರ್ ಬೇಗ ಮೊಂಡು ಹಿಡಿಯುತ್ತದೆ. ಆಮೇಲೆ ಬೋಲ್ಟ್ ಕ್ಯಾರಿಯರ್ (ಬೋಲ್ಟನ್ನು ಹೊತ್ತು ಓಡುವ ಭಾಗ) ಮೇಲಿನ ಗ್ಯಾಸ್ ಕೀ (ಗ್ಯಾಸ್ ಒಳಬರುವ ಗಿಡ್ಡ ಕೊಳವೆ) ಅಲುಗಾಡುತ್ತದಾ ನೋಡಿ. ಅದನ್ನು ಎರಡು ಸ್ಕ್ರೂ ಹಿಡಿದಿರುತ್ತವೆ. ಸ್ಕ್ರೂ ತಿರುಗದ ಹಾಗೆ ಸುತ್ತಲಿನ ಲೋಹವನ್ನು ಅದರ ಮೇಲೆ ಚಾಣದಿಂದ ಒತ್ತಿ ಕೂರಿಸಿರಬೇಕು. ಕೀ ಬುಡದಲ್ಲಿ ಕಪ್ಪು ಮಸಿ ಗೆರೆ ಕಂಡರೆ ಗ್ಯಾಸ್ ಅಲ್ಲಿ ಸೋರುತ್ತಿದೆ. ಬ್ಯಾರಲ್ಲಿನ ಗ್ಯಾಸ್ ತೂತಿನ ಮೇಲೆ ಕೂರುವ ಗ್ಯಾಸ್ ಬ್ಲಾಕ್ ಸ್ವಲ್ಪ ಸರಿದಿದ್ದರೂ ಆ ತೂತು ಒಂದಷ್ಟು ಮುಚ್ಚಿಹೋಗುತ್ತದೆ.

ಬೋಲ್ಟಿನ ಗ್ಯಾಸ್ ರಿಂಗ್ (ಗ್ಯಾಸ್ ಸೋರದಂತೆ ತಡೆಯುವ ಮೂರು ಉಂಗುರ) ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಬೋಲ್ಟನ್ನು ಪೂರ್ತಿ ಹೊರಗೆಳೆದು, ಬೋಲ್ಟ್ ತಲೆ ಕೆಳಗೆ ಬರುವ ಹಾಗೆ ಕ್ಯಾರಿಯರನ್ನು ಮೇಜಿನ ಮೇಲೆ ನಿಲ್ಲಿಸಿ. ತನ್ನ ಭಾರಕ್ಕೇ ಕುಸಿದರೆ ಮೂರೂ ರಿಂಗ್ ಬದಲಿಸಿ. ನಿಂತರೆ ಅವು ಇನ್ನೂ ನಡೆಯುತ್ತವೆ. ಮೂರು ರಿಂಗಿನ ಸೀಳುಗಳು ಒಂದೇ ಸಾಲಿಗೆ ಬಂದರೆ ರೈಫಲ್ ನಿಲ್ಲುತ್ತದೆ ಅನ್ನುವ ಮಾತು ಎಲ್ಲ ಕಡೆ ಕೇಳುತ್ತದೆ. ಒಂದೇ ರಿಂಗ್ ಇದ್ದರೂ ಓಡುವ ರೈಫಲ್‌ಗಳಿವೆ, ಅದರ ಚಿಂತೆ ಬಿಡಿ.

ಗ್ಯಾಸ್ ಜಾಸ್ತಿಯಾಗುವ ಕಾರಣ ನಿಧಾನದ್ದು. ಬ್ಯಾರಲ್ಲಿನಿಂದ ಗ್ಯಾಸ್ ಹೊರಬರುವ ತೂತಿನ ಅಂಚನ್ನು ಬಿಸಿ ಗ್ಯಾಸ್ ಕೊರೆಯುತ್ತಾ ಹೋಗುತ್ತದೆ. ಸಾವಿರಾರು ಗುಂಡು ಕಳೆದ ಮೇಲೆ ತೂತು ದೊಡ್ಡದಾಗಿರುತ್ತದೆ. ಅದೇ ಹೊತ್ತಿಗೆ ಹಿಂದಿನ ಬಫರ್ ಸ್ಪ್ರಿಂಗ್ ಸೋತಿರುತ್ತದೆ. ಎರಡೂ ಸೇರಿ ಬೋಲ್ಟ್ ಓಟ ಹೆಚ್ಚುತ್ತದೆ. ಚೇಂಬರಿನಲ್ಲಿ ಕೇಸ್ ಇನ್ನೂ ಉಬ್ಬಿಕೊಂಡಿರುವಾಗಲೇ ಎಕ್ಸ್‌ಟ್ರಾಕ್ಟರ್ ಅದನ್ನು ಕೀಳಲು ನೋಡುತ್ತದೆ, ಅಂಚು ಹರಿಯುತ್ತದೆ. ಇಲ್ಲಿ ಗಟ್ಟಿ ಎಕ್ಸ್‌ಟ್ರಾಕ್ಟರ್ ಸ್ಪ್ರಿಂಗ್ ಹಾಕಿದರೆ ರೋಗ ಮುಚ್ಚಿಹೋಗುತ್ತದೆ, ವಾಸಿಯಾಗುವುದಿಲ್ಲ. ಬೋಲ್ಟ್ ಮೇಲಿನ ಹೊಡೆತ ಹಾಗೇ ಉಳಿಯುತ್ತದೆ. ಸದ್ದಡಗಿಸುವ ಸಪ್ರೆಸರ್ ಹಾಕಿದಾಗಲೂ ಇದೇ ಲಕ್ಷಣ, ಗ್ಯಾಸ್ ಹಿಂದಕ್ಕೆ ಒತ್ತುವುದರಿಂದ.

ಹಾಗಾಗಿ ಸ್ಪ್ರಿಂಗ್ ಅಳೆಯಿರಿ. ಸೈನ್ಯದ ಕೈಪಿಡಿಗಳ ಅಳತೆ ಹೀಗಿದೆ: ಭುಜಕ್ಕೊತ್ತುವ ಹಿಂಭಾಗ ಉದ್ದವಿರುವ ರೈಫಲ್ಲಿನ ಬಫರ್ ಸ್ಪ್ರಿಂಗ್ ಬಿಡಿಯಾಗಿ 11 3/4 ರಿಂದ 13 1/2 ಇಂಚು, ಕಾರ್ಬೈನ್ (ಗಿಡ್ಡ ರೈಫಲ್) ಸ್ಪ್ರಿಂಗ್ 10 1/16 ರಿಂದ 11 1/4 ಇಂಚು. ಕೆಳಗಿನ ಮಿತಿಗಿಂತ ಗಿಡ್ಡವಾದರೆ ಬಿಸಾಡಿ. ಎಳೆದು ಉದ್ದ ಮಾಡುವುದು ಮೋಸ, ಎರಡು ದಿನದಲ್ಲಿ ಮತ್ತೆ ಕುಗ್ಗುತ್ತದೆ.

ಕಾರ್ಬೈನ್ ಇಟ್ಟುಕೊಂಡವರು ಇದನ್ನೆಲ್ಲ ಬೇಗ ನೋಡಬೇಕು. ರೈಫಲ್ಲಿನ ಗ್ಯಾಸ್ ಕೊಳವೆ ಸುಮಾರು 15 ಇಂಚು, ಕಾರ್ಬೈನಿನದು 10 ಇಂಚಿಗೂ ಕಮ್ಮಿ. ತೂತು ಚೇಂಬರಿಗೆ ಹತ್ತಿರವಾದಷ್ಟೂ ಒಳಬರುವ ಗ್ಯಾಸಿನ ಒತ್ತಡ ಜಾಸ್ತಿ. ಅದೇ ಬೋಲ್ಟ್, ಅದೇ ಗುಂಡು, ಆದರೆ ಪ್ರತಿ ಹೊಡೆತವೂ ಬಿರುಸು.

ಬೋಲ್ಟ್ ಮತ್ತು ಹೆಡ್‌ಸ್ಪೇಸ್

ಎಆರ್ ಬೋಲ್ಟ್ ಬಿರುಕು ಬಿಡುವುದು ಎರಡು ಜಾಗದಲ್ಲಿ. ಒಂದು, ಬೋಲ್ಟನ್ನು ತಿರುಗಿಸುವ ಕ್ಯಾಮ್ ಪಿನ್ ಹೋಗುವ ತೂತಿನ ಪಕ್ಕ, ಅಲ್ಲಿ ಲೋಹ ತೆಳು. ಇನ್ನೊಂದು, ಎಕ್ಸ್‌ಟ್ರಾಕ್ಟರಿನ ಎರಡು ಬದಿಗಿರುವ, ಬೋಲ್ಟನ್ನು ಬೀಗದಂತೆ ಹಿಡಿಯುವ ಹಲ್ಲುಗಳ ಬುಡ. ಬೋಲ್ಟನ್ನು ಪೂರ್ತಿ ತೊಳೆದು, ಒಣಗಿಸಿ, ಭೂತಗನ್ನಡಿಯಲ್ಲಿ ನೋಡಿ. ಎಣ್ಣೆ ಹಚ್ಚಿ ಒರೆಸಿದ ಮೇಲೂ ಒಂದು ಗೆರೆಯಿಂದ ಎಣ್ಣೆ ಮತ್ತೆ ಜಿನುಗಿದರೆ ಅದು ಗೀರಲ್ಲ, ಬಿರುಕು. ಒಂದು ಹಲ್ಲು ಮುರಿದರೂ ರೈಫಲ್ ಕೆಲ ಕಾಲ ಓಡಬಹುದು. ಓಡುತ್ತದೆ ಅಂತ ಓಡಿಸಬೇಡಿ, ಉಳಿದ ಹಲ್ಲುಗಳು ಆ ಭಾರ ಹೊರುತ್ತಿರುತ್ತವೆ.

ಹೆಡ್‌ಸ್ಪೇಸ್ ಅಂದರೆ ಬೋಲ್ಟ್ ಮುಖಕ್ಕೂ ಚೇಂಬರಿನಲ್ಲಿ ತೋಟಾ ತಡೆದು ನಿಲ್ಲುವ ಜಾಗಕ್ಕೂ ಇರುವ ದೂರ. ಕಣ್ಣಲ್ಲಿ ತಿಳಿಯುವಂಥದ್ದಲ್ಲ. ಅಳೆಯಲು ಚೇಂಬರಿಗೆ ಹಾಕುವ ಗೋ (ಕನಿಷ್ಠ ಅಳತೆಯ) ಮತ್ತು ನೋ-ಗೋ (ಅದಕ್ಕಿಂತ ಉದ್ದದ) ಗೇಜುಗಳ ನಡುವೆ ಇರುವ ಅಂತರ ಸಾಮಾನ್ಯವಾಗಿ 0.003 ಇಂಚಿನಷ್ಟು ಮಾತ್ರ. ಎಕ್ಸ್‌ಟ್ರಾಕ್ಟರ್, ಎಜೆಕ್ಟರ್ ತೆಗೆದ ಬೋಲ್ಟಿನಲ್ಲಿ, ಬೆರಳ ಬಲದಲ್ಲಿ ಮಾತ್ರ ಅಳೆಯಿರಿ. ಗೋ ಮೇಲೆ ಬೋಲ್ಟ್ ಮುಚ್ಚಬೇಕು. ಹೊಸ ರೈಫಲ್ ನೋ-ಗೋ ಮೇಲೆ ಮುಚ್ಚಬಾರದು. ಹಳೆಯದು ನೋ-ಗೋ ಮೇಲೆ ಮುಚ್ಚಿ, ಇನ್ನೂ ಉದ್ದದ ಫೀಲ್ಡ್ ಗೇಜ್ ಮೇಲೆ ಮುಚ್ಚದಿದ್ದರೆ ಇನ್ನೂ ನಡೆಯುತ್ತದೆ, ಆದರೆ ಕಣ್ಣಿಟ್ಟಿರಿ. ಫೀಲ್ಡ್ ಮೇಲೂ ಮುಚ್ಚಿತೋ, ಬಳಕೆ ನಿಲ್ಲಿಸಿ ಬಂದೂಕು ರಿಪೇರಿಯವರಿಗೆ ಕೊಡಿ. ಹೊಸ ಬೋಲ್ಟ್ ಹಾಕಿದ ದಿನವೂ ಇದೇ ಅಳತೆ ಮಾಡಬೇಕು. ಇದನ್ನು ಮರೆಯುವವರು ಬಹಳ.

ಬೇರೆ ಮಾದರಿಗಳ ಬೇರೆ ಹಠ

ಎಕೆ (ಕಲಾಶ್ನಿಕೋವ್) ಮಾದರಿಯಲ್ಲಿ ಗ್ಯಾಸ್ ತಳ್ಳುವ ಪಿಸ್ಟನ್ ಉದ್ದ, ಸಡಿಲ ಜಾಸ್ತಿ, ಮಸಿಗೆ ಹೆದರುವುದಿಲ್ಲ. ಹಾಗಾಗಿ ಯಾರೂ ಅದನ್ನು ಬಿಚ್ಚಿ ನೋಡುವುದಿಲ್ಲ, ಅದೇ ಅದರ ಶಾಪ. ರಿಕಾಯಿಲ್ ಸ್ಪ್ರಿಂಗ್ ಸೋತರೆ ಕ್ಯಾರಿಯರ್ ಹಿಂದಿನ ಟ್ರನಿಯನ್‌ಗೆ (ರೈಫಲ್ ಒಡಲಿಗೆ ರಿವೆಟ್ ಹೊಡೆದ ಲೋಹದ ತುಂಡು) ಬಡಿಯುತ್ತದೆ. ಅಲ್ಲಿ ಲೋಹ ಜಜ್ಜಿ ಅಂಚು ಉಬ್ಬಿದ್ದರೆ ಸ್ಪ್ರಿಂಗ್ ಬದಲಿಸಿ. ರಿವೆಟ್ ಸುತ್ತ ಕಪ್ಪು ಎಣ್ಣೆ ಉಂಗುರ ಕಂಡರೆ ಆ ರಿವೆಟ್ ಅಲುಗಾಡುತ್ತಿದೆ. ಹಳೆಯ ಸೋವಿಯತ್ ಕಾಲದ ತೋಟಾ ಬಳಸುತ್ತೀರಾ? ಅವುಗಳಲ್ಲಿ ಬಹಳಷ್ಟರ ಪ್ರೈಮರ್ ಉಪ್ಪಿನ ಶೇಷ ಬಿಡುತ್ತದೆ. ಎಣ್ಣೆ ಉಪ್ಪನ್ನು ಕರಗಿಸುವುದಿಲ್ಲ, ನೀರು ಕರಗಿಸುತ್ತದೆ. ಬ್ಯಾರಲ್ಲು, ಪಿಸ್ಟನ್ನು, ಗ್ಯಾಸ್ ಕೊಳವೆ ಎಲ್ಲವನ್ನೂ ಬಿಸಿನೀರಲ್ಲಿ ತೊಳೆದು, ಒಣಗಿಸಿ, ಆಮೇಲೆ ಎಣ್ಣೆ.

ಬೆಲ್ಜಿಯಂನ ಎಫ್‌ಎಎಲ್ ರೈಫಲಿನಲ್ಲಿ ಹೆಚ್ಚಾದ ಗ್ಯಾಸನ್ನು ಹೊರಬಿಡುವ ತೂತನ್ನು ಹೊಂದಿಸುವ ತಿರುಪು ಇದೆ, ಅದನ್ನು ಮುಚ್ಚಿದಷ್ಟೂ ಪಿಸ್ಟನ್ನಿಗೆ ಗ್ಯಾಸ್ ಜಾಸ್ತಿ. ಇದು ದೋಷ ಹುಡುಕುವವನಿಗೆ ವರ. ಪೂರ್ತಿ ತೆರೆದು ಶುರು ಮಾಡಿ, ಒಂಟಿ ಗುಂಡಿನ ಪರೀಕ್ಷೆಯಲ್ಲಿ ಬೋಲ್ಟ್ ಹಿಂದೆ ನಿಲ್ಲುವ ತನಕ ಒಂದೊಂದೇ ಮೆಟ್ಟಿಲು ಮುಚ್ಚಿ, ಮೇಲೆ ಎರಡು ಮೆಟ್ಟಿಲು ಕೊಡಿ. ಆ ಸಂಖ್ಯೆ ಬರೆದಿಡಿ. ತಿಂಗಳು ಕಳೆದಂತೆ ಹೆಚ್ಚು ಹೆಚ್ಚು ಮುಚ್ಚಬೇಕಾಗಿ ಬಂದರೆ ಗ್ಯಾಸ್ ದಾರಿ ಕಟ್ಟುತ್ತಿದೆ, ಇಲ್ಲವೇ ಪಿಸ್ಟನ್ ಸೋರುತ್ತಿದೆ. ಅದರ ಹೆಡ್‌ಸ್ಪೇಸ್ ಸರಿಮಾಡಲು ಬೇರೆ ಅಳತೆಯ ಲಾಕಿಂಗ್ ಶೋಲ್ಡರ್ (ಬೋಲ್ಟ್ ಒರಗಿ ನಿಲ್ಲುವ ಲೋಹದ ತುಂಡು) ಹಾಕಿದರೆ ಆಯಿತು. ನನಗಂತೂ ಈ ಎಲ್ಲ ವಿನ್ಯಾಸಗಳಲ್ಲಿ ರಿಪೇರಿಯವನ ಬಗ್ಗೆ ಯೋಚಿಸಿದ ವಿನ್ಯಾಸ ಇದು ಅನ್ನಿಸುತ್ತದೆ.

ಜರ್ಮನಿಯ ಜಿ3 ಮಾದರಿಯಲ್ಲಿ ಬೋಲ್ಟನ್ನು ಎರಡು ರೋಲರ್ ಹಿಡಿದಿಡುತ್ತವೆ, ಗ್ಯಾಸ್ ಪಿಸ್ಟನ್ ಇಲ್ಲ. ಅಲ್ಲಿ ನೋಡಬೇಕಾದ್ದು ಬೋಲ್ಟ್ ತಲೆಗೂ ಕ್ಯಾರಿಯರಿಗೂ ನಡುವಿನ ಸಂದು. ಚೇಂಬರ್ ಖಾಲಿ, ಬೋಲ್ಟ್ ಮುಚ್ಚಿ, ಹ್ಯಾಮರ್ (ಫೈರಿಂಗ್ ಪಿನ್ನಿಗೆ ಬಡಿಯುವ ಭಾಗ) ಬಿದ್ದಿರುವಾಗ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಇಟ್ಟು ಅಳೆಯಿರಿ. 0.1ರಿಂದ 0.5 ಮಿಲಿಮೀಟರ್ ಇರಬೇಕು. ಸವೆದಂತೆ ಈ ಸಂದು ಕಿರಿದಾಗುತ್ತದೆ, ಆಗ ಸ್ವಲ್ಪ ದಪ್ಪ ರೋಲರ್ ಹಾಕುತ್ತಾರೆ. ಕೇಸಿನ ಮೇಲೆ ಉದ್ದುದ್ದ ಕಪ್ಪು ಗೆರೆ ಕಂಡು ಗಾಬರಿಯಾಗಬೇಡಿ. ಚೇಂಬರಿನಲ್ಲೇ ಗೀರು ಕಾಲುವೆಗಳಿವೆ, ಅದರ ಅಚ್ಚು ಅದು.

ಅಮೆರಿಕದ ಹಳೆಯ ಎಂ1 ಗ್ಯಾರಂಡ್ ರೈಫಲಿನ ಆಪರೇಟಿಂಗ್ ರಾಡ್ (ಬೋಲ್ಟನ್ನು ಓಡಿಸುವ ಸರಳು) ಸ್ಪ್ರಿಂಗ್ 19 ಇಂಚಿಗಿಂತ ಗಿಡ್ಡವಾದರೆ ಬದಲಿಸಿ, ಜಾರುವ ಜಾಗಗಳಿಗೆ ಎಣ್ಣೆಯ ಬದಲು ಗ್ರೀಸ್ ಹಾಕಿ.

ಸೋವಿಯತ್ ಮೂಲದ ಎಸ್‌ಕೆಎಸ್ ರೈಫಲ್ ಇದ್ದರೆ ಬೋಲ್ಟ್ ಹೊರತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ. ಫೈರಿಂಗ್ ಪಿನ್ ಕಟಕಟ ಅನ್ನಬೇಕು. ಸದ್ದಿಲ್ಲದಿದ್ದರೆ ದಾಸ್ತಾನಿಗೆ ಹಚ್ಚಿದ ಹಳೆಯ ಗ್ರೀಸ್ ಗಟ್ಟಿಯಾಗಿ ಪಿನ್ ಮುಂದೆ ಅಂಟಿರಬಹುದು. ಹಾಗೇ ತೋಟಾ ಹಾಕಿದರೆ ಬೋಲ್ಟ್ ಮುಚ್ಚುವಾಗಲೇ ಗುಂಡು ಹಾರುತ್ತದೆ, ಟ್ರಿಗರ್ ಮುಟ್ಟಬೇಕಾಗಿಲ್ಲ.

ಟ್ರಿಗರ್ ವಿಷಯದಲ್ಲಿ ಜಾಣತನ ಬೇಡ

ಒಂದು ಸಲ ಒತ್ತಿದರೆ ಎರಡು ಗುಂಡು ಹೋಯಿತಾ? ಟ್ರಿಗರ್ ಬಿಡುವಾಗ ಇನ್ನೊಂದು ಹಾರಿತಾ? ಮ್ಯಾಗಜಿನ್ ತೆಗೆದು ಅಲ್ಲಿಗೇ ಮುಗಿಸಿ. ಖಾಲಿ ರೈಫಲಿನಲ್ಲಿ ಟ್ರಿಗರ್ ಒತ್ತಿ ಹಿಡಿದು ಬೋಲ್ಟ್ ಎಳೆದು ಬಿಡಿ, ಆಮೇಲೆ ಟ್ರಿಗರ್ ನಿಧಾನ ಬಿಡಿ. ಕಟ್ ಅನ್ನಬೇಕು, ಹ್ಯಾಮರ್ ಬೀಳಬಾರದು. ಬಿದ್ದರೆ ಒಳಗಿನ ಹಿಡಿತದ ಅಂಚು ಸವೆದಿದೆ, ಇಲ್ಲ ಸ್ಪ್ರಿಂಗ್ ತಪ್ಪಾಗಿ ಕೂತಿದೆ. ಆ ಅಂಚುಗಳ ಮೇಲಿನ ಗಟ್ಟಿ ಪದರ ತೆಳು. ಅರದಲ್ಲಿ ಉಜ್ಜಿದರೆ ಅದು ಹೋಗಿ ಒಳಗಿನ ಮೆದು ಲೋಹ ಬೇಗ ಸವೆಯುತ್ತದೆ. ಇಡೀ ಜೋಡಿ ಹೊಸದು ಹಾಕಿಸಿ.

ಬ್ಯಾರಲ್ ಮೇಲೆ ಕೊನೆಗೆ ಬನ್ನಿ

ಗುರಿ ಚದುರಿದರೆ ಎಲ್ಲರೂ ಬ್ಯಾರಲ್ ಸವೆಯಿತು ಅನ್ನುತ್ತಾರೆ. ಅದಕ್ಕೂ ಮೊದಲು ನೋಡಬೇಕಾದ್ದು ಬೇಕಾದಷ್ಟಿದೆ: ಸೈಟಿನ ಸ್ಕ್ರೂ, ಸಡಿಲವಾದ ಬ್ಯಾರಲ್ ನಟ್, ಒಳಗೆ ಅಂಟಿದ ತಾಮ್ರ. ಬ್ಯಾರಲ್ ಬಾಯಿಯ ಅಂಚೂ ಮುಖ್ಯ. ಗ್ಯಾರಂಡಿನಂಥ ರೈಫಲ್‌ಗಳನ್ನು ಬಾಯಿ ಕಡೆಯಿಂದ ರಾಡ್ ಹಾಕಿ ಉಜ್ಜುತ್ತಾರೆ, ಗುಂಡಿಗಿಂತ ರಾಡೇ ಆ ಅಂಚನ್ನು ಹೆಚ್ಚು ತಿಂದಿರುತ್ತದೆ.

ನಿಜವಾದ ಸವೆತ ಶುರುವಾಗುವುದು ಚೇಂಬರಿನ ಮುಂದಿನ ಗಂಟಲಿನಲ್ಲಿ. ಕ್ರೋಮ್ ಲೇಪದ 5.56 ಬ್ಯಾರಲ್ ನಿಧಾನವಾಗಿ ಹೊಡೆದರೆ 10,000 ಗುಂಡು ದಾಟುವುದು ಸಾಮಾನ್ಯ. ಅದೇ ಬ್ಯಾರಲ್ಲನ್ನು ಕೈ ಸುಡುವಷ್ಟು ಕಾಯಿಸಿ ಬೇಗ ಬೇಗ ಖಾಲಿ ಮಾಡಿದರೆ ಆ ಲೆಕ್ಕ ಕೆಳಗಿಳಿಯುತ್ತದೆ. ಅದಕ್ಕೇ ನೋಟ್‌ಬುಕ್ಕಿನಲ್ಲಿ ಗುಂಡಿನ ಸಂಖ್ಯೆಯ ಜೊತೆ ಹೊಡೆದ ಬಗೆಯನ್ನೂ ಬರೆದಿಡಿ.

ಕಾಗದದ ಗುರಿಯಲ್ಲಿ ದುಂಡು ತೂತಿನ ಬದಲು ಬೀಗದ ಕಿಂಡಿಯಂಥ ಉದ್ದ ತೂತು ಬಿದ್ದರೆ ಗುಂಡು ಅಡ್ಡಡ್ಡ ಹೋಗುತ್ತಿದೆ. ಇದು ಸವೆತ ಇರಬಹುದು, ಗುಂಡನ್ನು ತಿರುಗಿಸಲು ಬ್ಯಾರಲ್ ಒಳಗೆ ಕೊರೆದ ಸುರುಳಿಗೆ ಹೊಂದದ ಗುಂಡೂ ಇರಬಹುದು. ಎಂ16ಎ1ರ ಸುರುಳಿ 12 ಇಂಚಿಗೆ ಒಂದು ಸುತ್ತು, ಎಂ16ಎ2ರದು 7 ಇಂಚಿಗೆ ಒಂದು. ಎರಡನೆಯದಕ್ಕೆಂದು ಬಂದ 62 ಗ್ರೇನ್ (ಗುಂಡಿನ ತೂಕ, ಸುಮಾರು 4 ಗ್ರಾಂ) ಗುಂಡನ್ನು ಮೊದಲನೆಯದರಲ್ಲಿ ಹೊಡೆದರೆ ಹೊಚ್ಚ ಹೊಸ ಬ್ಯಾರಲ್ಲೂ ಅಡ್ಡ ತೂತು ಬೀಳಿಸುತ್ತದೆ. 55 ಗ್ರೇನ್ ಹಾಕಿ ಅದೇ ದೂರಕ್ಕೆ ಹತ್ತು ಗುಂಡು ಹೊಡೆದು ನೋಡಿ. ಆಗಲೂ ಕಿಂಡಿಯಾಕಾರವೇ ಬಂದರೆ ಬ್ಯಾರಲ್ ಇಳಿಸಿ.